ಅಪ್‌ಡೇಟ್: ಕೆಲಸ ಬಿಟ್ಟಿಲ್ಲ, ಚಿತ್ರ ಮತ್ತೆ ಶುರುವಾಗಿದೆ

ಎರಡು ವಾರದ ಹಿಂದೆ ಕೇಳಿದ್ದೆನಲ್ಲ, ನಾನು ಐಎನ್‌ಎಫ್‌ಪಿ ಸ್ವಭಾವದವಳು (ಜನರನ್ನು 16 ಬಗೆಯಾಗಿ ವಿಂಗಡಿಸುವ ವ್ಯಕ್ತಿತ್ವ ಟೆಸ್ಟಿನಲ್ಲಿ ಅಂತರ್ಮುಖಿ, ಕನಸುಗಾರರ ಬಗೆ), ಮುಂಬೈ ಲೋಕಲ್ ರೈಲಿನಲ್ಲಿ ಡೊಂಬಿವಲಿಯಿಂದ ದಾದರಿಗೆ ಹೋಗಿಬರುವುದರಲ್ಲೇ ಸುಸ್ತು, ಚಿತ್ರ ಬಿಡಿಸುವುದು ನಿಂತೇ ಹೋಗಿದೆ, ಕೆಲಸ ಬಿಡಲಾ ಅಂತ. ಬಿಟ್ಟಿಲ್ಲ.

25 ನಿಮಿಷ ಕೆಲಸ, 5 ನಿಮಿಷ ಬಿಡುವು ಅನ್ನುವ ಪೊಮೊಡೊರೊ ನನಗೆ ಒಗ್ಗಲಿಲ್ಲ. ಬಣ್ಣ ಕಲಸುವಷ್ಟರಲ್ಲಿ ಅಲಾರಂ! ಪ್ಲ್ಯಾನರ್ ಆ್ಯಪ್ ನಾಲ್ಕೇ ದಿನ, ಅದನ್ನು ಚಂದ ಮಾಡುವುದೇ ಇನ್ನೊಂದು ಕೆಲಸವಾಯ್ತು.

ಕೈ ಹಿಡಿದದ್ದು "ದಿನಕ್ಕೆ ಮೂರೇ ಕೆಲಸ ಬರಿ, ಮನೆಗೆ ಬಂದ ಮೇಲೆ ಅರ್ಧ ಗಂಟೆ ಯಾರ ಜೊತೆಯೂ ಮಾತು ಬೇಡ" ಎಂದ ಅಕ್ಕನ ಸಲಹೆ. ಥ್ಯಾಂಕ್ಸ್ ಅಕ್ಕಾ. ಮೊದಲ ದಿನ ಅಮ್ಮ ಬಾಗಿಲು ತಟ್ಟಿ "ಜ್ವರ ಬಂತೇನೇ?" ಅಂದರು. ಈಗ ಚಹಾ ಇಟ್ಟು ಸುಮ್ನೆ ಹೋಗುತ್ತಾರೆ.

ಮೊನ್ನೆ ಲೇಡೀಸ್ ಡಬ್ಬದಲ್ಲಿ ಎದುರಿನ ಆಂಟಿ ಮಡಿಲಲ್ಲಿ ಪ್ಲಾಸ್ಟಿಕ್ ಚೀಲ ಹರಡಿಕೊಂಡು ಬಟಾಣಿ ಸುಲಿಯುತ್ತಿದ್ದರು, ಆ ಕೈಗಳನ್ನು ಹಾಲಿನ ಲೆಕ್ಕದ ಹಳೇ ಪುಸ್ತಕದಲ್ಲೇ ಪೆನ್ನಿನಿಂದ ಬಿಡಿಸಿದೆ. ಏಳು ತಿಂಗಳಲ್ಲಿ ಮೊದಲ ಚಿತ್ರ. ಹೆಬ್ಬೆರಳು ಸ್ವಲ್ಪ ದಪ್ಪ ಆಯ್ತು, ಇರಲಿ.

ಆಶ್ಚರ್ಯ ಏನಂದ್ರೆ, ಅದೇ ವ್ಯಕ್ತಿತ್ವ ಟೆಸ್ಟ್ ಮತ್ತೆ ಮಾಡಿದರೆ ಐಎನ್‌ಎಫ್‌ಜೆ ಅನ್ನುವ ಬೇರೆಯೇ ಬಗೆ ಬಂತು! 16 ಬಗೆಯಲ್ಲಿ ನಾನು ಯಾವುದು ಅಂತ ತಲೆ ಕೆಡಿಸಿಕೊಂಡಿದ್ದೇ ಜಾಸ್ತಿ. ಮನಶ್ಶಾಸ್ತ್ರಜ್ಞೆ ಎಲೈನ್ ಆ್ಯರನ್ 1990ರ ದಶಕದಿಂದ ಹೇಳುತ್ತಿರುವ ಅತಿ ಸೂಕ್ಷ್ಮ ಸ್ವಭಾವ ರೋಗವಲ್ಲವಂತೆ, ಗದ್ದಲ ಬೇಗ ಸಾಕಾಗುತ್ತದೆ ಅಷ್ಟೇ. ನಾನು ಇದನ್ನು ಸೋಮಾರಿತನ ಅಂದುಕೊಂಡಿದ್ದೆ.

ಮುಂದೇನು ಅನ್ನುವುದು ಇನ್ನೂ ಗೊತ್ತಿಲ್ಲ. ರಾಜೀನಾಮೆ ವಿಚಾರ ದೀಪಾವಳಿ ಆದಮೇಲೆ.