ರಜೆಲಿ ಮಕ್ಕಳನ್ನ ಫ್ರೀಯಾಗಿ ಹೊರಗೆ ಕರ್ಕೊಂಡ್ ಹೋಗೋಕೆ, ಸ್ವಲ್ಪ ವಾಲಂಟಿಯರ್ ಕೆಲ್ಸ ಮಾಡ್ಸೋಕೆ ಬೆಂಗಳೂರಲ್ಲಿ ಏನೇನಿದೆ?

ನಾಗರಭಾವಿ_ಅಮ್ಮ

ಎಲ್ರಿಗೂ ನಮಸ್ಕಾರ. ಮಗಳು ಎಂಟನೇ ಕ್ಲಾಸ್ ಮುಗ್ಸಿದಾಳೆ, ಮಗ ನಾಲ್ಕನೇದು. ಸಮ್ಮರ್ ಕ್ಯಾಂಪ್ ವಿಚಾರಿಸೋಕೆ ಹೋಗಿದ್ದೆ, ಅವ್ರು ಹೇಳಿದ ಫೀಸ್ ಕೇಳಿ ಹಾಗೇ ವಾಪಸ್ ಬಂದೆ, ಅದೂ ಏಸಿ ರೂಮಲ್ಲಿ ಕೂರ್ಸಿ ನೇಚರ್ ಆಕ್ಟಿವಿಟಿ ಅಂತ ಒಣಗಿದ ಎಲೆಗೆ ಬಣ್ಣ ಬಳಿಸ್ತಾರಂತೆ. ಎಲೆ ನೋಡೋಕೆ ಮರದ ಹತ್ರ ಹೋದ್ರೆ ಸಾಕಲ್ವಾ ಅಂದ್ರು ನಮ್ಮನೆಯವ್ರು, ಅದೂ ಸರಿನೇ ಅನ್ಸ್ತು. ಆದ್ರೆ ಈಗ ಇಬ್ರೂ ಎದ್ದಾಗಿಂದ ಮಲಗೋವರ್ಗೂ ಮೊಬೈಲ್ ಹಿಡ್ಕೊಂಡ್ ಕೂತಿರ್ತಾರೆ.

ನಿಜವಾಗ್ಲೂ ಫ್ರೀ ಇರೋ, ಬಸ್ಸಲ್ಲೋ ಮೆಟ್ರೋದಲ್ಲೋ ಹೋಗ್ಬಹುದಾದ ಕಡೆ ಏನಾದ್ರೂ ಇದ್ಯಾ? ಹಕ್ಕಿ ನೋಡೋದು, ಮರ ಗುರ್ತಿಸೋದು ಈ ಥರ. ಮಗಳಿಗೆ ವಾಲಂಟಿಯರ್ ಆಗ್ಬೇಕು ಅಂತ ಆಸೆ ಇದೆ, ಯಾರ ಹತ್ರ ಕೇಳ್ಬೇಕು ಅಂತ್ಲೇ ಗೊತ್ತಿಲ್ಲ. ಮನೇಲಿ ಅತ್ತೆ ಇದಾರೆ, ಕಡೂರು ಕಡೆಯವ್ರು, ಅವ್ರೂ ಬರ್ತೀನಿ ಅಂತಿದಾರೆ, ಎಪ್ಪತ್ತು ದಾಟಿದೆ ಆದ್ರೆ ಚೆನ್ನಾಗಿ ನಡೀತಾರೆ. ಕನ್ನಡದಲ್ಲಿ ಹೇಳಿಕೊಡೋರಿದ್ರೆ ತುಂಬಾ ಒಳ್ಳೇದು.

---

ಚಿಟ್ಟುಕುಟ್ರ

ಅಕ್ಕ, ಮೊದ್ಲು ಲಾಲ್‌ಬಾಗ್. ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್ ಅಂತ ಹಳೇ ಬಳಗ ಒಂದಿದೆ, ಬಹಳ ವರ್ಷದಿಂದ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಗ್ಲಾಸ್‌ಹೌಸ್ ಹತ್ರ ಸೇರಿ ಹಕ್ಕಿ ನೋಡ್ಕೊಂಡ್ ಒಂದು ಸುತ್ತು ಹಾಕ್ತಾರೆ. ದುಡ್ಡು ಕೊಡೋ ಹಾಗಿಲ್ಲ, ಹೊಸಬ್ರು ಯಾರ್ ಬೇಕಾದ್ರೂ ಸೇರ್ಕೋಬಹುದು. ಹೋಗೋ ಮುಂಚೆ ಆ ತಿಂಗಳು ಇದೆಯಾ ಅಂತ ಅವ್ರ ಪೇಜಲ್ಲಿ ಒಂದ್ಸಲ ನೋಡ್ಕೊಳ್ಳಿ. ಇನ್ನೊಂದು ವಿಷ್ಯ, ಭಾನುವಾರ ಮೆಟ್ರೋ ಶುರುವಾಗೋದೇ ಏಳಕ್ಕೆ, ಮೆಜೆಸ್ಟಿಕ್ಕಲ್ಲಿ ಇಳಿದು ಹಸಿರು ಲೈನ್ ಹಿಡಿಯೋ ಅಷ್ಟೊತ್ತಿಗೆ ಅವ್ರು ಹೊರಟಿರ್ತಾರೆ, ಅದಕ್ಕೆ ಬಿಎಂಟಿಸಿ ಬಸ್ಸೇ ವಾಸಿ, ಹೆಂಗಸ್ರಿಗೆ ಶಕ್ತಿ ಯೋಜನೆಲಿ ಅದೂ ಫ್ರೀ ಆಯ್ತಲ್ಲ.

ಅಲ್ಲಿರೋ ಬಂಡೆ ಮೇಲೆ, ಕೆಂಪೇಗೌಡರ ಗೋಪುರದ ಹತ್ರ, ಮಕ್ಕಳನ್ನ ಒಂದರ್ಧ ಗಂಟೆ ಕೂರ್ಸಿ. ಆ ಕಲ್ಲಿಗೆ ಸುಮಾರು 300 ಕೋಟಿ ವರ್ಷ ವಯಸ್ಸು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಬೋರ್ಡೇ ಹಾಕಿದಾರೆ, ಆದ್ರೂ ಜನ ಅದ್ರ ಮೇಲೇ ನಿಂತು ಸೆಲ್ಫಿ ತಗೊಂಡು ಬೋರ್ಡ್ ಓದ್ದೆ ಇಳಿದು ಹೋಗ್ತಾರೆ.

ಆಮೇಲೆ ಕಬ್ಬನ್ ಪಾರ್ಕ್. ಟಿಕೆಟ್ಟೇ ಇಲ್ಲ, ನಿಮ್ಮ ಕಡೆಯಿಂದ ನೇರಳೆ ಲೈನ್ ಮೆಟ್ರೋ ಅದ್ರ ಬಾಗ್ಲಿಗೇ ಬಿಡುತ್ತೆ, ಭಾನುವಾರ ಒಳಗಡೆ ಗಾಡಿ ಓಡಾಟನೂ ಇರಲ್ಲ. ಏಪ್ರಿಲ್ ಮೇ ಅಲ್ಲಿ ಮರ ಕಲಿಯೋಕೆ ಇದಕ್ಕಿಂತ ಒಳ್ಳೇ ಟೈಮಿಲ್ಲ, ಯಾಕಂದ್ರೆ ಎಲ್ಲಾ ಹೂ ಬಿಟ್ಕೊಂಡು ನಿಂತಿರ್ತವೆ. ಕಕ್ಕೆ ಹಳದಿ ಗೊಂಚಲು ಇಳಿಬಿಟ್ಟಿರುತ್ತೆ, ಹೊಳೆದಾಸವಾಳ ನೇರಳೆ, ಗುಲ್‌ಮೊಹರ್ ಕೆಂಪು, ಹೊಂಗೆ ಹೂ ಉದುರಿ ದಾರಿ ಎಲ್ಲಾ ಬೆಳ್ಳಗೆ. ಗುಲ್‌ಮೊಹರ್ ಮೊಗ್ಗು ಬಿಡಿಸಿ ಒಳಗಿನ ಕೇಸರ ಒಂದಕ್ಕೊಂದು ಸಿಕ್ಕಿಸಿ ತಲೆ ಹಾರಿಸೋ ಆಟ ನಿಮಗೆ ಗೊತ್ತಿರುತ್ತೆ, ಮಗನಿಗೆ ಹೇಳ್ಕೊಡಿ, ಸಂಜೆವರ್ಗೂ ಮೊಬೈಲ್ ಕೇಳಲ್ಲ.

ಹಕ್ಕಿ ವಿಷಯಕ್ಕೆ ಬಂದ್ರೆ ಚಳಿಗಾಲದ ವಲಸೆ ಹಕ್ಕಿಗಳು ಈಗ ಹೊರಟು ಹೋಗಿರ್ತವೆ, ಬೇಜಾರ್ ಮಾಡ್ಕೋಬೇಡಿ, ಇದು ಊರ ಹಕ್ಕಿಗಳು ಗೂಡು ಕಟ್ಟೋ ಕಾಲ. ಕೋಗಿಲೆ ಕೂಗ್ತಾ ಇದ್ರೆ ಅದು ಕರೀ ಗಂಡು, ಹೆಣ್ಣಿನ ಮೈಮೇಲೆ ಕಂದು ಬಣ್ಣಕ್ಕೆ ಬಿಳಿ ಚುಕ್ಕೆ ಇರುತ್ತೆ, ಅದು ಸದ್ದಿಲ್ದೆ ಹೋಗಿ ಕಾಗೆ ಗೂಡಲ್ಲಿ ಮೊಟ್ಟೆ ಇಟ್ಟು ಬರುತ್ತೆ. ಕಾಗೆ ಗೂಡು ಎಲ್ಲಿದೆ ಅಂತ ಹುಡುಕಿ ಕಾಯೋಕೆ ಹೇಳಿ ಮಗಳಿಗೆ. ನಾನು ಹೆಸ್ರಿಟ್ಕೊಂಡಿರೋ ಹಕ್ಕಿನೂ ಸಿಗುತ್ತೆ, ಬಿಸಿಲು ಏರಿದ ಮೇಲೂ ಟುಕ್ ಟುಕ್ ಟುಕ್ ಅಂತ ಬಿಡದೆ ಕುಟ್ಟೋ ಸದ್ದು ಬರುತ್ತಲ್ಲ, ಅದೇ. ಸಣ್ಣದು, ಹಸಿರು, ಎಲೆ ಮಧ್ಯೆ ಕಾಣಲ್ಲ, ಒಣಗಿದ ಕೊಂಬೆ ತುದಿ ನೋಡ್ಬೇಕು.

ಬೈನಾಕ್ಯುಲರ್ ಕೊಳ್ಳೋಕೆ ಈಗ್ಲೇ ಹೋಗ್ಬೇಡಿ. ಮರ್ಲಿನ್ ಆ್ಯಪ್ ಫ್ರೀ, ಕೂಗು ಕೇಳಿಸ್ಕೊಂಡು ಹೆಸ್ರು ಹೇಳುತ್ತೆ, ಕೆಲವು ಸಲ ತಪ್ಪೂ ಹೇಳುತ್ತೆ, ಕಣ್ಣಲ್ಲಿ ನೋಡಿದ ಮೇಲೇ ನಂಬಿ.

---

ಹಸಿರು_ಹುಡುಗ

ಮೇಡಂ ನಮ್ಮ ಆಫೀಸ್ ಟೀಮಿಂದ ಮೇ ತಿಂಗಳಲ್ಲಿ ಗಿಡ ನೆಡೋ ಡ್ರೈವ್ ಪ್ಲಾನ್ ಮಾಡ್ತಾ ಇದೀವಿ, ಹೆಸರಘಟ್ಟ ಕಡೆ ಬಯಲು ಜಾಗ ಸುಮ್ನೆ ಖಾಲಿ ಬಿದ್ದಿದೆ, ಮಕ್ಕಳನ್ನ ಕರ್ಕೊಂಡು ಬನ್ನಿ, ಟಿ-ಶರ್ಟ್ ತಿಂಡಿ ಎಲ್ಲಾ ನಮ್ದೇ, ಸರ್ಟಿಫಿಕೇಟೂ ಕೊಡ್ತೀವಿ.

---

ಕೆರೆಏರಿ

ಬ್ರದರ್, ನಿಮ್ಮ ಉದ್ದೇಶ ಒಳ್ಳೇದೇ, ಆದ್ರೆ ದಯವಿಟ್ಟು ನಿಲ್ಸಿ. ಹೆಸರಘಟ್ಟದ್ದು ಖಾಲಿ ಜಾಗ ಅಲ್ಲ, ಅದು ಹುಲ್ಲುಗಾವಲು. ನೆಲದ ಮೇಲೆ ಗೂಡು ಮಾಡೋ ಹಕ್ಕಿಗಳು, ಚಳಿಗಾಲಕ್ಕೆ ಬರೋ ಸೆಳೆವ ಅನ್ನೋ ಬೇಟೆ ಹಕ್ಕಿಗಳು, ನರಿ, ಎಲ್ಲಾ ಆ ಹುಲ್ಲನ್ನೇ ನಂಬ್ಕೊಂಡಿವೆ, ಮರ ನೆಟ್ರೆ ಅವು ಜಾಗ ಬಿಡ್ತವೆ. ಐದು ಸಾವಿರ ಎಕರೆಗೂ ಜಾಸ್ತಿ ಜಾಗನ ಸಂರಕ್ಷಣಾ ಮೀಸಲು ಮಾಡೋಕೆ ರಾಜ್ಯ ವನ್ಯಜೀವಿ ಮಂಡಳಿ 2024ರಲ್ಲಿ ಒಪ್ಪಿಗೆ ಕೊಟ್ಟಿದ್ದೇ ಎಷ್ಟೋ ವರ್ಷದ ಒದ್ದಾಟದ ಮೇಲೆ. ಹುಲ್ಲು ಕಂಡ್ರೆ ಗುಂಡಿ ತೋಡೋ ಚಾಳಿ ನಮ್ಮೂರಿಗೆ ಹೆಂಗೆ ಬಂತೋ.

ಎರಡನೇದು, ಮೇ ತಿಂಗಳಲ್ಲಿ ಗಿಡ ನೆಟ್ರೆ ಯಾರು ನೀರು ಹಾಕ್ತಾರೆ? ಫೋಟೋ ತೆಗೆದು ಬಸ್ ಹತ್ತಿದ ಮೇಲೆ ಒಂದು ವಾರಕ್ಕೆ ಕಡ್ಡಿ. ನೆಡೋದು ಜೂನ್ ಜುಲೈನಲ್ಲಿ, ಮಳೆ ಹಿಡಿದ ಮೇಲೆ. ಬೇಸಿಗೆಯಲ್ಲಿ ಮಾಡ್ಬೇಕಾದ ಕೆಲ್ಸ ಏನು ಅಂದ್ರೆ ಹೋದ ವರ್ಷ, ಅದಕ್ಕೂ ಮುಂಚಿನ ವರ್ಷ ನೆಟ್ಟಿದ್ದನ್ನ ಉಳಿಸೋದು, ಮೊದಲ ಎರಡು ಮೂರು ಬೇಸಿಗೆ ದಾಟಿದ್ರೆ ಗಿಡ ಬದುಕ್ತು ಅಂತ ಲೆಕ್ಕ. ಈ ಕೆಲ್ಸಕ್ಕೆ ಜನ ಸಿಗಲ್ಲ ನೋಡಿ, ನೆಡೋಕೆ ಬಸ್ ತುಂಬಾ ಬರ್ತಾರೆ, ನೀರು ಹಾಕೋಕೆ ಕರೆದ್ರೆ ಏರಿಯಾದ ಇಬ್ರು ರಿಟೈರ್ಡ್ ಅಂಕಲ್‌ಗಳು ಮಾತ್ರ.

ಈಗ ನಾಗರಭಾವಿ ಅಮ್ಮಂಗೆ. ನಾನು ಒಂದು ಕೆರೆ ಬಳಗದಲ್ಲಿದೀನಿ, ನಾವು ವಾರಕ್ಕೊಂದು ಬೆಳಿಗ್ಗೆ ಸೇರ್ತೀವಿ. ಗಿಡದ ಸುತ್ತ ಪಾತಿ ಸರಿ ಮಾಡಿ, ನೀರು ಹಾಕಿ, ಮೇಲೆ ತರಗೆಲೆ ದಪ್ಪಗೆ ಹರಡ್ತೀವಿ, ಹಂಗೆ ಮಾಡಿದ್ರೆ ತೇವ ಬೇಗ ಆರಲ್ಲ. ನೀರು ಮಾತ್ರ ಕಾವೇರಿ ನೀರಲ್ಲ, ಸಂಸ್ಕರಿಸಿದ ನೀರು. 2024ರ ಮಾರ್ಚಲ್ಲಿ ನೀರಿಗೆ ಬರ ಬಂದಾಗ ಕುಡಿಯೋ ನೀರನ್ನ ಗಿಡಕ್ಕೆ ಹಾಕಿದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆರ್ಡರ್ ಮಾಡಿತ್ತಲ್ಲ, ಆವಾಗ್ಲಿಂದ ನಮ್ಮ ಬಳಗದಲ್ಲಿ ಇದೇ ರೂಢಿ. ಕಾಂಗ್ರೆಸ್ ಗಿಡನ ಹೂ ಬಿಡೋ ಮುಂಚೆ ಬೇರು ಸಮೇತ ಕೀಳ್ತೀವಿ, ಕೈಗೆ ಗ್ಲೌಸ್ ಬೇಕೇ ಬೇಕು, ಅಲರ್ಜಿ ಅಥವಾ ಆಸ್ತಮಾ ಇರೋ ಮಕ್ಕಳಿಗೆ ಆ ಕೆಲ್ಸ ಬೇಡ. ನೀರು ಇಳಿದಾಗ ದಡದಲ್ಲಿ ಸಿಕ್ಕಿಹಾಕ್ಕೊಂಡ ಪ್ಲಾಸ್ಟಿಕ್ ಎಲ್ಲಾ ಕಾಣುತ್ತೆ, ಅದನ್ನ ಆಯೋಕೂ ಇದೇ ಸರಿಯಾದ ಟೈಮು. ಆದ್ರೆ ಕ್ಲೀನ್ ಮಾಡ್ತೀವಿ ಅಂತ ಜೊಂಡು ಕತ್ತರಿಸೋಕೆ ಹೋಗ್ಬಾರ್ದು, ನೇರಳೆ ಜಂಬುಕೋಳಿ, ಗುಳುಮುಳುಕ ಥರದ ನೀರು ಹಕ್ಕಿಗಳೆಲ್ಲಾ ಅದ್ರೊಳಗೇ ಇರೋದು.

ಮೊದಲ ಜೋರು ಮಳೆ ಬಂದ ಮಾರನೇ ದಿನ ಕೆರೆಗೆ ಒಂದು ಸುತ್ತು ಹೋಗೋದೂ ನಮ್ಮ ಕೆಲ್ಸ. ರಾಜಕಾಲುವೆಯಲ್ಲಿ ಕೂತಿದ್ದ ಕೊಳಕೆಲ್ಲಾ ಒಮ್ಮೆಗೇ ಕೆರೆಗೆ ನುಗ್ಗುತ್ತೆ, ನೀರಲ್ಲಿ ಆಮ್ಲಜನಕ ಕಮ್ಮಿ ಆಗಿ ಮೀನು ಮೇಲೆ ಬಂದು ಬಾಯಿ ಬಿಡ್ತವೆ. ಅದನ್ನ ಬೇಗ ನೋಡಿ ಫೋಟೋ ಸಮೇತ ಕಂಪ್ಲೇಂಟ್ ಕೊಟ್ರೆ ಅಧಿಕಾರಿಗಳು ಸ್ವಲ್ಪನಾದ್ರೂ ಅಲ್ಲಾಡ್ತಾರೆ.

ಬಳಗ ಹುಡುಕೋದು ಹೆಂಗೆ ಅಂದ್ರೆ ಬೆಳಿಗ್ಗೆ ಆರೂವರೆಗೆ ನಿಮ್ಮ ಹತ್ರದ ಕೆರೆಗೆ ಹೋಗಿ, ದಿನಾ ವಾಕಿಂಗ್ ಬರೋರನ್ನ ಕೇಳಿ, ಅಲ್ಲಿ ವಾಟ್ಸಾಪ್ ಗ್ರೂಪ್ ಇದ್ದೇ ಇರುತ್ತೆ. ಜೆ.ಪಿ. ನಗರದ ಪುಟ್ಟೇನಹಳ್ಳಿ, ಸರ್ಜಾಪುರ ರಸ್ತೆಯ ಕೈಕೊಂಡರಹಳ್ಳಿ, ಜಕ್ಕೂರು, ಇಲ್ಲೆಲ್ಲಾ ಊರಿನೋರೇ ನಿಂತು ಕೆರೆ ನೋಡ್ಕೊಂಡಿರೋದು. ನಿಮಗೆ ಅವೆಲ್ಲಾ ದೂರ, ಮಲ್ಲತ್ತಹಳ್ಳಿ ಹತ್ರ, ಅಲ್ಲಿಂದ ಶುರು ಮಾಡಿ.

---

ಹಸಿರು_ಹುಡುಗ

ಹುಲ್ಲುಗಾವಲು ವಿಷ್ಯ ಗೊತ್ತಿರ್ಲಿಲ್ಲ ಸರ್. ಟೀಮಲ್ಲಿ ಹೇಳ್ತೀನಿ. ನೀರು ಹಾಕೋಕೆ ಶನಿವಾರ ಒಂದು ಹದಿನೈದು ಜನ ಬಂದ್ರೆ ಕೆಲ್ಸ ಸಿಗುತ್ತಾ?

ಕೆರೆಏರಿ

ಸಿಗುತ್ತೆ. ಟಿ-ಶರ್ಟ್ ದುಡ್ಡಲ್ಲಿ ಬಕೆಟ್ ತನ್ನಿ.

---

ಧಾರವಾಡ_ಮಂದಿ

ಬೆಂಗಳೂರವ್ರಷ್ಟ ಅಲ್ರಿ, ನಮ್ಮ ಕಡೀನೂ ಅದಾವ. ಯೂನಿವರ್ಸಿಟಿ ಕ್ಯಾಂಪಸ್‌ನ್ಯಾಗ ಮುಂಜಾನೆ ಹೋದ್ರ ನವಿಲು ರಸ್ತಾದಾಗ ನಿಂತಿರ್ತಾವು, ಕೆಲಗೇರಿ ಕೆರಿ ದಂಡಿಗೆ ಹಕ್ಕಿ ನೋಡಾಕ ಒಂದ್ ಪೈಸೆ ಕೊಡೂದು ಬ್ಯಾಡ, ಸಾಧನಕೇರಿಗೆ ಹ್ವಾದ್ರ ಬೇಂದ್ರೆ ಅಜ್ಜಾರ ಮನೀನೂ ಆತು ಕೆರೀನೂ ಆತು.

ನಮ್ಮ ಓಣಿ ಹುಡುಗ್ರು ಸೂಟಿಯೊಳಗ ಬೀಜ ಆರಸ್ತಾರ್ರಿ. ಹೊಂಗೆ ಕಾಯಿ, ಹುಣಸಿ, ಆಮ್ಯಾಲ ನೇರಳ, ಬೇವು. ಬೇವಿನ ಬೀಜ ಭಾಳ ದಿನ ಇಟ್ರ ಹುಟ್ಟೂದುಲ್ಲ, ಹಣ್ಣು ಉದುರಿದ ಒಂದೆರಡು ವಾರದಾಗ ಮಣ್ಣಿಗೆ ಹಾಕಬೇಕು, ಅದಕ್ಕ ನಾವು ಬೀಜದುಂಡಿ ಮಾಡಿ ಗುಡ್ಡಕ್ಕ ಒಗ್ಯೂದು ಬಿಟ್ಟು ಸೀದಾ ನರ್ಸರಿಗೆ ಕೊಡ್ತೀವಿ. ಉಂಡಿ ಒಗದು ಬಂದ್ರ ಅರ್ಧ ಇರವಿ ಪಾಲು, ಉಳದಿದ್ದು ಕುರಿ ಪಾಲು. ಹುಡುಗ್ರಿಗೆ ಉಂಡಿ ಕಟ್ಟೂದು ಮಜಾ ಅನಸ್ತೈತಿ, ಕಟ್ಟಲಿ ಬಿಡ್ರಿ, ಆದ್ರ ಅದರಿಂದ ಕಾಡು ಬೆಳೀತೈತಿ ಅಂತ ಹೇಳಬ್ಯಾಡ್ರಿ.

---

ಕೋಡಿ_ಕಡಲು

ನಮ್ದು ಕುಂದಾಪುರ ಬದಿ. ರಜೆಗೆ ಕರಾವಳಿಗೆ ಬರುವವರಿದ್ದರೆ ಇದನ್ನ ಕಾಣಿ. ಕೋಡಿ ಕಡೆ ಸಮುದ್ರ ತೀರಕ್ಕೆ ಆಲಿವ್ ರಿಡ್ಲೆ ಕಡಲಾಮೆ ಬಂದು ಮೊಟ್ಟೆ ಇಡ್ತದೆ, ಒಂದು ಗೂಡಲ್ಲಿ ನೂರರ ಆಚೀಚೆ ಮೊಟ್ಟೆ. ಮರಿ ಬರೂಕೆ ಒಂದೂವರೆಯಿಂದ ಎರಡು ತಿಂಗಳು, ಹಾಗಾಗಿ ಬೇಸಿಗೆಯಲ್ಲೂ ಮರಿ ಕಡಲಿಗೆ ಹೋಗುದು ಕಾಣೂಕೆ ಸಿಕ್ತದೆ. ಅರಣ್ಯ ಇಲಾಖೆಯವರು, ಮೀನುಗಾರರು, ಊರ ಹುಡುಗರು ಸೇರಿ ಗೂಡಿಗೆ ಬಲೆ ಕಟ್ಟಿ ಕಾಯ್ತಾರೆ. ಮರಳು ಬಿಸಿ ಹೆಚ್ಚಾದ್ರೆ ಹೆಣ್ಣು ಮರಿಯೇ ಜಾಸ್ತಿ ಆಗುದಂತೆ, ನಮ್ಮ ಅಜ್ಜಿಗೆ ಹೇಳಿದ್ರೆ ನಂಬುದೇ ಇಲ್ಲ ಮಾರ್ರೆ.

ಆದ್ರೆ ಮರಿ ಬಿಡುದು ಅಂದ್ರೆ ಪ್ರದರ್ಶನ ಅಲ್ಲ. ಮೊಬೈಲ್ ಟಾರ್ಚ್ ಹಾಕ್ಬೇಡಿ, ಬೆಳಕು ಕಂಡ್ರೆ ಮರಿ ದಿಕ್ಕು ತಪ್ಪಿ ರಸ್ತೆ ಬದಿಗೆ ಬರ್ತದೆ. ಕೈಯಲ್ಲಿ ಹಿಡಿದು ಫೋಟೋ ತೆಗಿಬೇಡಿ. ಗೂಡು ಕಂಡ್ರೆ ಅರಣ್ಯ ಇಲಾಖೆಗೆ ಫೋನ್ ಮಾಡಿ, ಅಷ್ಟೇ ನಿಮ್ಮ ಸೇವೆ.

---

ನಾಗರಭಾವಿ_ಅಮ್ಮ

ಇಷ್ಟೆಲ್ಲಾ ಬರೆದಿದ್ದಕ್ಕೆ ಎಲ್ರಿಗೂ ಥ್ಯಾಂಕ್ಸ್. ಅತ್ತೆಗೆ ಓದಿ ಹೇಳ್ದೆ, ಹೊಳೆದಾಸವಾಳ ಅಂದ ತಕ್ಷಣ ನಮ್ಮೂರ ಹಳ್ಳದ ಸಾಲಲ್ಲಿತ್ತು ಅಂತ ಶುರು ಮಾಡಿದ್ರು, ಊಟದ ಹೊತ್ತಾದ್ರೂ ನಿಲ್ಸಿಲ್ಲ. ಎರಡು ಡೌಟು. ಒಂದು, ಫ್ರೀ ನೇಚರ್ ವಾಕ್ ಅಂತ ಒಂದು ಕಡೆ ನೋಡಿ ಫಾರ್ಮ್ ತುಂಬಿದ್ರೆ ಕೊನೇಲಿ ಕಿಟ್‌ಗೆ ಅಂತ 499 ಕೇಳಿದ್ರು. ಇದು ಮಾಮೂಲಾ? ಎರಡು, ಮಗಳು ಚಿಕ್ಕೋಳು, ವಾಲಂಟಿಯರ್ ಅಂತ ಒಬ್ಳನ್ನೇ ಕಳ್ಸೋಕೆ ಧೈರ್ಯ ಇಲ್ಲ, ಮನೇಲೇ ಕೂತು ಮಾಡೋ ಥರದ್ದು ಏನಾದ್ರೂ ಇದ್ಯಾ?

---

ಸರ್ಕಾರಿ_ಶಾಲೆ_ಟೀಚರ್

ಒಂದನೇದಕ್ಕೆ, ಹೌದು, ಮಾಮೂಲು. ಹೊರಡೋ ಮುಂಚೆ ‘ಒಟ್ಟು ಎಷ್ಟು ಖರ್ಚಾಗುತ್ತೆ’ ಅಂತ ಮೆಸೇಜಲ್ಲಿ ಕೇಳಿ, ಬರಹದಲ್ಲಿ ಉತ್ತರ ಬಂದ್ರೆ ಮಾತ್ರ ಹೋಗಿ.

ಎರಡನೇದಕ್ಕೆ, ಸೀಸನ್‌ವಾಚ್ ಅಂತ ಇದೆ, ಮನೆ ಮುಂದಿನ ಒಂದು ಮರ ರಿಜಿಸ್ಟರ್ ಮಾಡಿ ವಾರಕ್ಕೊಮ್ಮೆ ಎಲೆ ಹೂ ಕಾಯಿ ಎಷ್ಟಿದೆ ಅಂತ ತುಂಬೋದು, ಕೇರಳದ ಶಾಲೆ ಮಕ್ಕಳಂತೂ ಇದ್ರಲ್ಲಿ ಮುಂದೆ. ಹವಾಮಾನ ಬದಲಾದ ಹಾಗೆ ಮರಗಳು ಹೂ ಬಿಡೋ ಕಾಲ ಹೇಗೆ ಬದಲಾಗ್ತಿದೆ ಅಂತ ನೋಡೋಕೆ ಈ ಮಾಹಿತಿ ಬೇಕಾಗುತ್ತೆ. ಒಂದು ವಾರ ಮಾಡಿ ಬಿಟ್ರೆ ಉಪಯೋಗ ಇಲ್ಲ, ವರ್ಷಪೂರ್ತಿ ಅದೇ ಮರ ನೋಡ್ಬೇಕು. ಮೇ ತಿಂಗಳ ಎರಡನೇ ಶನಿವಾರ ಇ-ಬರ್ಡ್ ಅನ್ನೋ, ಕಂಡ ಹಕ್ಕಿ ದಾಖಲಿಸೋ ವೆಬ್‌ಸೈಟಲ್ಲಿ ಪ್ರಪಂಚದಾದ್ಯಂತ ಹಕ್ಕಿ ಎಣಿಕೆ ನಡೆಯುತ್ತೆ, ತಾರಸಿ ಮೇಲೆ ನಿಂತು ಕಾಲು ಗಂಟೆ ಕಂಡ ಹಕ್ಕಿ ಬರೆದು ಹಾಕಿದ್ರೂ ಲೆಕ್ಕಕ್ಕೆ ಬರುತ್ತೆ. ತಾರಸಿ ಮೇಲೆ ನೀರಿಡೋದಾದ್ರೆ ಅಗಲ ಇರೋ ಮಣ್ಣಿನ ತಟ್ಟೇಲಿ ಇಡಿ, ಆಳ ಇದ್ರೆ ಮಧ್ಯೆ ಒಂದು ಕಲ್ಲು ಇಡಿ, ದಿನಾ ಉಜ್ಜಿ ತೊಳೆದು ನೀರು ಬದಲಾಯಿಸ್ಬೇಕು, ಇಲ್ಲಾಂದ್ರೆ ಸೊಳ್ಳೆಗೆ ತೊಟ್ಟಿಲು ಕಟ್ಟಿದಂಗೆ.

ಇನ್ನೊಂದು, ಅರಣ್ಯ ಇಲಾಖೆದು ‘ಚಿಣ್ಣರ ವನದರ್ಶನ’ ಅಂತ ಕಾರ್ಯಕ್ರಮ ಇದೆ, ಶಾಲೆ ಮಕ್ಕಳನ್ನ ಇಲಾಖೆಯವ್ರೇ ಕಾಡಿಗೆ ಕರ್ಕೊಂಡ್ ಹೋಗಿ ತೋರಿಸ್ತಾರೆ. ಅದು ಶಾಲೆ ಮೂಲಕ ಆಗೋದು, ರಜೆ ಮುಗಿದ ಮೇಲೆ ಹೆಡ್ ಮೇಷ್ಟ್ರನ್ನ ಕೇಳಿ.

---

ಕೆರೆಏರಿ

ಮಗಳನ್ನ ಒಬ್ಳನ್ನೇ ಯಾಕೆ ಕಳಿಸ್ಬೇಕು, ನೀವು, ನಿಮ್ಮ ಅತ್ತೆ ಎಲ್ರೂ ಬನ್ನಿ. ಪಾತಿ ಮಾಡೋದು ಹೆಂಗೆ ಅಂತ ನಮ್ಮ ಸಾಫ್ಟ್‌ವೇರ್ ಹುಡುಗ್ರಿಗೆ ಹೇಳ್ಕೊಡೋರು ಯಾರೂ ಇಲ್ಲ. ಯಾವ ಕೆರೆಗೇ ಹೋಗಿ, ಚಪ್ಪಲಿ ಬೇಡ ಶೂ ಹಾಕ್ಕೊಳ್ಳಿ, ಟೋಪಿ, ನೀರಿನ ಬಾಟ್ಲಿ ಇರ್ಲಿ, ಒಂಬತ್ತು ಗಂಟೆ ಒಳಗೆ ಮನೆಗೆ ವಾಪಸ್. ಮತ್ತೆ ಕೆರೆ ಹತ್ರ ಟಾಯ್ಲೆಟ್ ನಂಬ್ಕೋಬೇಡಿ, ಬೋರ್ಡ್ ಇರುತ್ತೆ, ಬೀಗನೂ ಇರುತ್ತೆ.