ಬೆಟಗೇರಿಯ ಮಗ್ಗದ ಕೋಣೆಯಲ್ಲಿ ತೋಟ ಮಾಡಬಹುದೇ?

ಬೆಟಗೇರಿ ಸೊಸೆ:
ನಮ್ಮದು ಹಳೆಯ ನೇಕಾರರ ಮನೆ. ಕಲ್ಲು-ಮಣ್ಣಿನ ಗೋಡೆ, ಸಾಗವಾನಿ ಕಂಬ, ಮೇಲುಮುದ್ದೆ, ಅಂದರೆ ಮಣ್ಣು ಹೊದಿಸಿದ ಮಾಳಿಗೆ. ಕಳೆದ ಮಳೆಗಾಲದಲ್ಲಿ ಹಿಂಬದಿಯ ಮಗ್ಗದ ಕೋಣೆಯ ಮಾಳಿಗೆ ಕುಸಿಯಿತು. ಇಡೀ ಮನೆಯನ್ನೇ ಕೆಡವೋಣ ಎಂದವರ ಮಾತನ್ನು ನಾನು ಕೇಳಲಿಲ್ಲ. ಆ ಜಾಗಕ್ಕೆ ಮತ್ತೆ ಸೂರು ಹಾಕದೆ, ಪಡಸಾಲೆಯ ಕಡೆಗೆ ದೊಡ್ಡ ಗಾಜಿನ ಬಾಗಿಲಿಟ್ಟು, ತೆರೆದ ತೋಟ ಮಾಡಬೇಕೆಂದಿದ್ದೇನೆ. ಮಾವನವರು ಕಾಲಿಳಿಬಿಟ್ಟು ನೇಯುತ್ತಿದ್ದ ಮಗ್ಗದ ಗುಂಡಿ ಹಾಗೆಯೇ ಉಳಿದಿದೆ. ಅದನ್ನು ತಾವರೆಕೊಳ ಮಾಡುವ ಆಸೆ. ಗುತ್ತಿಗೆದಾರರು ಗೋಡೆಗಳಿಗೆಲ್ಲ ಸಿಮೆಂಟ್ ಗಿಲಾವು ಮಾಡಲೇಬೇಕು ಎನ್ನುತ್ತಾರೆ. ಬೀದಿಯ ಕಡೆಯ ಗೋಡೆಗೆ ಹಿಂದೊಮ್ಮೆ ಹಾಗೆ ಮಾಡಿಸಿದ್ದೆವು. ಈಗ ಅದು ಮೊಣಕಾಲೆತ್ತರದವರೆಗೆ ಉಬ್ಬಿ ಉಪ್ಪು ಉದುರುತ್ತಿದೆ. ಏನು ಮಾಡಲಿ?

ಧಾರವಾಡದ ಗಾರೆ ಕೆಲಸದವನು:
ಅಕ್ಕಾ, ಉತ್ತರ ಆ ಬೀದಿಗೋಡೆಯಲ್ಲೇ ಇದೆ. ನೆಲದ ತೇವ ಗೋಡೆಯೊಳಗೆ ಏರುತ್ತಲೇ ಇರುತ್ತದೆ. ಸುಣ್ಣದ ಗಾರೆಯಾದರೆ ಅದು ಆರಿಹೋಗುತ್ತದೆ; ಸಿಮೆಂಟ್ ಅದನ್ನು ಒಳಗೇ ಕೂಡಿಹಾಕುತ್ತದೆ. ಹಳೆಯ ಸಿಮೆಂಟನ್ನು ಸಣ್ಣ ಉಳಿಯಿಂದ ಮೆಲ್ಲಗೆ ಎಬ್ಬಿಸಿ. ಸುಟ್ಟ ಸುಣ್ಣದ ಕಲ್ಲನ್ನು ಅರಳಿಸಿ, ನೀರಿನಡಿಯಲ್ಲಿ 3 ವಾರವಾದರೂ ಇಡಿ. 1 ಪಾಲು ಸುಣ್ಣಕ್ಕೆ 3 ಪಾಲು ತೊಳೆದ ಮರಳು, ಜೊತೆಗೆ ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು. ತೆಳುವಾಗಿ ಎರಡು ಮೂರು ಸಲ ಬಳಿಯಿರಿ. ಬಿಸಿಲಿಗೆ ಬೇಗ ಒಣಗದಂತೆ ಒದ್ದೆ ಗೋಣಿಚೀಲ ಇಳಿಬಿಡಿ.

ಇದೆಲ್ಲಕ್ಕೂ ಮೊದಲು, ಮಾಳಿಗೆ ಹೋದ ಗೋಡೆಗಳ ತಲೆಗೆ ಚಪ್ಪಡಿ ಹೊದಿಸಿ. ಮಣ್ಣಿನ ಗೋಡೆ ಬರಿದಲೆಯಲ್ಲಿ ಮಳೆಗೆ ನಿಂತರೆ ಹೆಚ್ಚು ಕಾಲ ತಾಳದು.

ಹುಬ್ಬಳ್ಳಿ ಹಿತ್ತಲು:
ತೋಟ ಖಂಡಿತ ಮಾಡಿ, ಕೊಳ ಬೇಡ. ಮೊದಲು ಅಗೆದು ನೋಡಿ. ಅಡಿಯಲ್ಲಿ ಎರೆಮಣ್ಣಿದ್ದರೆ ಅದು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ನಾನು ಗೋಡೆಗೆ ಒತ್ತಿ ಬಾಳೆ ಹಾಕಿ ದಿನವೂ ನೀರುಣಿಸಿದೆ. ಮೂರನೆಯ ವರ್ಷ ದೇವರಕೋಣೆಯ ಮೂಲೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಿಟ್ಟಿತು. ಅದನ್ನು ಕಂಡ ದಿನ ನನಗೆ ಊಟ ಸೇರಲಿಲ್ಲ. ಗೋಡೆಯಿಂದ 4 ಅಡಿ ಬಿಟ್ಟು ಮಡಿ ಮಾಡಿ, ಮಳೆನೀರು ಮೋರಿಗೆ ಓಡುವಂತೆ ಇಳಿಜಾರು ಕೊಡಿ. ದಾಸವಾಳ, ಮಲ್ಲಿಗೆ, ಕರಿಬೇವು ಸಾಕು. ಗೋಡೆಯ ಸಂದಿಯಲ್ಲಿ ಅರಳಿಯ ಸಸಿ ಕಂಡರೆ ಅಂದೇ ಬೇರುಸಹಿತ ಕೀಳಿ.

ಬೆಟಗೇರಿ ಸೊಸೆ:
ನಿನ್ನೆ ಗುಂಡಿಯ ಪಕ್ಕ ಅಗೆಸಿದೆ. 2 ಅಡಿ ಇಳಿಯುವಷ್ಟರಲ್ಲಿ ಎರೆಮಣ್ಣೇ ಬಂತು. ಕೊಳದ ಆಸೆ ಬಿಟ್ಟೆ. ಗುಂಡಿಯ ಅಂಚಿಗೆ ಕಲ್ಲು ಕೂಡಿಸಿ, ನೀರು ನಿಲ್ಲದಂತೆ ಅದರ ಮೇಲೆ ಮಾತ್ರ ಹಂಚಿನ ಸಣ್ಣ ಮಾಡು ಹಾಕಿಸುತ್ತೇನೆ. ಮಾವನವರಂತೆ ಕಾಲಿಳಿಬಿಟ್ಟು ಕುಳಿತು ಮಲ್ಲಿಗೆ ಕಟ್ಟಬಹುದು. ಗಾರೆಯವರೇ, ಬೀದಿಗೋಡೆ 20 ಅಡಿ ಉದ್ದ, 9 ಅಡಿ ಎತ್ತರ ಇದೆ. ಅಳಲೆಕಾಯಿ ಎಷ್ಟು ತರಿಸಲಿ?