ಡಾಕ್‌ನಲ್ಲಿ ಸ್ವಿಚ್ ಚಾರ್ಜ್ ಆಗುತ್ತದೆ, ಟಿವಿಗೆ ಮಾತ್ರ ಚಿತ್ರ ಬರುವುದಿಲ್ಲ

ಪ್ರಶ್ನೆ:
ಅಮೆರಿಕದಲ್ಲಿರುವ ತಮ್ಮ ತಾನು ಬಳಸುತ್ತಿದ್ದ ನಿಂಟೆಂಡೊ ಸ್ವಿಚ್ ಎಂಬ ವಿಡಿಯೊ ಗೇಮ್ ಯಂತ್ರವನ್ನು ನನ್ನ ಮಗಳಿಗೆ ಕೊಟ್ಟು ಹೋಗಿದ್ದಾನೆ. ಕೈಯಲ್ಲಿ ಹಿಡಿದು ಆಡಿದರೆ ಯಾವ ತೊಂದರೆಯೂ ಇಲ್ಲ. ಅದನ್ನು ಟಿವಿಗೆ ಜೋಡಿಸುವ ಸ್ಟ್ಯಾಂಡ್‌ಗೆ, ಅಂದರೆ ಡಾಕ್‌ಗೆ ಇಳಿಸಿದರೆ ಬ್ಯಾಟರಿ ತುಂಬುತ್ತದೆ, ಟಿವಿಯಲ್ಲಿ ಮಾತ್ರ ‘ನೋ ಸಿಗ್ನಲ್’. ಡಾಕ್‌ನ ಹಸಿರು ದೀಪವೂ ಹೊತ್ತುವುದಿಲ್ಲ. ಅದೇ ಎಚ್‌ಡಿಎಂಐ ಕೇಬಲ್‌ನಲ್ಲಿ ಸೆಟ್‌ಟಾಪ್ ಬಾಕ್ಸ್ ಚೆನ್ನಾಗಿ ಬರುತ್ತದೆ. ಪರಿಚಿತರೊಬ್ಬರು ಇದು ಕೈಯಲ್ಲಿ ಆಡುವ ಜಾತಿಯದು, ಟಿವಿಯದು ಬೇರೆ ಎನ್ನುತ್ತಾರೆ. ರಿಪೇರಿ ಅಂಗಡಿಯವರು ಪೋರ್ಟ್ ಬದಲಿಸಬೇಕು ಎನ್ನುತ್ತಾರೆ. ಯಾರ ಮಾತು ನಂಬಲಿ?

ಉತ್ತರ 1:
ಸರ್, ಸದ್ಯಕ್ಕೆ ಬಿಚ್ಚಿಸಬೇಡಿ. ಎರಡೂ ಬದಿಯ ಕಂಟ್ರೋಲರ್‌ಗಳು ಕಳಚಿ ಬರುತ್ತವೆಯೇ? ಡಾಕ್‌ಗೆ ಯಾವ ಚಾರ್ಜರ್ ಹಾಕಿದ್ದೀರಿ?

ಪ್ರಶ್ನೆ ಕೇಳಿದವರು:
ಕಳಚಿ ಬರುತ್ತವೆ. ಚಾರ್ಜರ್ ನನ್ನ ಮೊಬೈಲ್‌ನದು, ಅದರ ಮೇಲೆ 5 ವೋಲ್ಟ್, 9 ವೋಲ್ಟ್ ಎಂದಿದೆ. ಪೆಟ್ಟಿಗೆಯಲ್ಲಿದ್ದದ್ದು ಚಪ್ಪಟೆ ಪಿನ್ನಿನದು. ನಮ್ಮ 230 ವೋಲ್ಟ್‌ಗೆ ಸುಟ್ಟುಹೋದೀತೆಂದು ಎತ್ತಿಟ್ಟಿದ್ದೇನೆ.

ಉತ್ತರ 1:
ಹಾಗಾದರೆ ತೊಂದರೆ ಚಾರ್ಜರ್‌ನಲ್ಲೇ ಇರಬೇಕು. ಎತ್ತಿಟ್ಟಿರುವುದನ್ನು ಹೊರಗೆ ತೆಗೆದು ಅದರ ಮೇಲಿನ ಸಣ್ಣ ಅಕ್ಷರ ಓದಿ. ಇನ್‌ಪುಟ್ 100–240 ವೋಲ್ಟ್ ಎಂದಿದ್ದರೆ ಅಂಜಿಕೆ ಬೇಡ, ಪಿನ್ ಬದಲಿಸುವ ಕನ್ವರ್ಟರ್ ಸಾಕು. ಔಟ್‌ಪುಟ್‌ನಲ್ಲಿ 15 ವೋಲ್ಟ್, 2.6 ಆಂಪಿಯರ್ ಎಂದಿರುತ್ತದೆ. ಡಾಕ್‌ಗೆ ಬೇಕಾದದ್ದು ಆ 15 ವೋಲ್ಟ್. ನಿಮ್ಮ ಮೊಬೈಲ್ ಚಾರ್ಜರ್ ಬ್ಯಾಟರಿ ತುಂಬಿಸಬಲ್ಲದು, ಡಾಕ್ ಟಿವಿಗೆ ಚಿತ್ರ ಕಳಿಸುವಷ್ಟು ಕೊಡಲಾರದು.

ಡಾಕ್‌ನೊಳಗೆ ಆಟ ನಡೆಸುವ ಇನ್ನೊಂದು ಯಂತ್ರ ಇದೆ ಎಂದು ಹಲವರು ತಿಳಿದಿದ್ದಾರೆ. ಇಲ್ಲ. ಅದು ಯುಎಸ್‌ಬಿ-ಸಿಯಲ್ಲಿ ಬರುವ ಚಿತ್ರವನ್ನು ಎಚ್‌ಡಿಎಂಐಗೆ ತಿರುಗಿಸುತ್ತದೆ, ವಿದ್ಯುತ್ ಹಾಯಿಸುತ್ತದೆ. ವೇಷ ಬದಲಿಸುವುದು ಸ್ವಿಚ್ಚೇ. ಟಿವಿಗೆ ಸೇರಿದಾಗ ಅದರ ಗ್ರಾಫಿಕ್ಸ್ ಭಾಗ 768 ಮೆಗಾಹರ್ಟ್ಸ್ ವೇಗಕ್ಕೆ ಏರುತ್ತದೆ, ಕೈಯಲ್ಲಿದ್ದಾಗ ಬ್ಯಾಟರಿ ಉಳಿಸಲು ಹೆಚ್ಚಾಗಿ ಅದರ ಅರ್ಧಕ್ಕೋ ಇನ್ನೂ ಕೆಳಕ್ಕೋ ಇಳಿದಿರುತ್ತದೆ. ಚಿತ್ರದ ಸ್ಪಷ್ಟತೆ ತನ್ನ ಪರದೆಯಲ್ಲಿ 720ಪಿ, ಟಿವಿಯಲ್ಲಿ 1080ಪಿವರೆಗೆ. ಒಂದೇ ಯಂತ್ರ ಹೀಗೆ ಎರಡು ಬಗೆಯಲ್ಲಿ ದುಡಿಯುವುದರಿಂದಲೇ ಅದನ್ನು ಹೈಬ್ರಿಡ್ ಎನ್ನುವುದು.

ನಿಮ್ಮ ಪರಿಚಿತರ ಮನಸ್ಸಿನಲ್ಲಿರುವುದು ಬಹುಶಃ 2019ರ ಸ್ವಿಚ್ ಲೈಟ್. ಹೆಸರು, ಆಟಗಳ ಕಾರ್ಡ್ ಅವೇ, ಆದರೆ ಕಂಟ್ರೋಲರ್ ಕಳಚುವುದಿಲ್ಲ, ಟಿವಿಗೆ ಚಿತ್ರವನ್ನೂ ಕೊಡುವುದಿಲ್ಲ. ಅದು ಅಪ್ಪಟ ಹ್ಯಾಂಡ್‌ಹೆಲ್ಡ್, ಅಂದರೆ ಕೈಯಲ್ಲಿ ಹಿಡಿದೇ ಆಡುವಂಥದ್ದು.

ಪೆಟ್ಟಿಗೆಯಲ್ಲಿದ್ದ ಆ ಮೂಲ ಚಾರ್ಜರ್, ಅಂದರೆ ಅಡಾಪ್ಟರ್ ಅನ್ನು ಗೋಡೆಯಿಂದಲೂ ಡಾಕ್‌ನಿಂದಲೂ ಕಿತ್ತು ಅರ್ಧ ನಿಮಿಷ ಬಿಡಿ. ಮತ್ತೆ ಮೊದಲು ಅಡಾಪ್ಟರ್, ಆಮೇಲೆ ಎಚ್‌ಡಿಎಂಐ, ಕೊನೆಗೆ ಸ್ವಿಚ್.

ಉತ್ತರ 2:
ಪರಿಹಾರ ಸರಿ, ಹೈಬ್ರಿಡ್ ಮಾತಿಗೆ ನನ್ನ ತಕರಾರಿದೆ. ಕೈಯಲ್ಲಿ ಹಿಡಿದು ಆಡುವ ಹಳೆಯ ಯಂತ್ರಗಳಾದ 1995ರ ಸೆಗಾ ನೊಮ್ಯಾಡ್, 2007ರ ಸೋನಿ ಪಿಎಸ್‌ಪಿ-2000 ಎರಡೂ ಟಿವಿಗೆ ಸೇರುತ್ತಿದ್ದವಲ್ಲ?

ಉತ್ತರ 1:
ಸೇರುತ್ತಿದ್ದವು. ಆದರೆ ಪಿಎಸ್‌ಪಿ ತನ್ನ 480×272ರ ಚಿತ್ರವನ್ನೇ ಟಿವಿಗೆ ಕಳಿಸುತ್ತಿತ್ತು, ಸುತ್ತಲೂ ಕಪ್ಪು ಅಂಚು. ಆಡುವವರು ತಂತಿ ಸಿಕ್ಕಿಸಿದ ಯಂತ್ರವನ್ನೇ ಹಿಡಿದು ಟಿವಿ ಮುಂದೆ ಕೂರಬೇಕಿತ್ತು. ಅದನ್ನು ನಾನು ಟಿವಿ ಜೋಡಿಸಬಹುದಾದ ಹ್ಯಾಂಡ್‌ಹೆಲ್ಡ್ ಎಂದೇ ಕರೆಯುತ್ತೇನೆ. ನೊಮ್ಯಾಡ್ ವಿಷಯದಲ್ಲಿ ನಿಮ್ಮ ವಾದಕ್ಕೆ ಬಲವಿದೆ: ಮನೆಯ ಟಿವಿಗೆ ಜೋಡಿಸಿ ಆಡುವ ಸೆಗಾ ಜೆನೆಸಿಸ್ ಯಂತ್ರದ ಆಟದ ಕಾರ್ಟ್ರಿಜ್‌ಗಳೇ ಅದರಲ್ಲಿ ಓಡುತ್ತಿದ್ದವು, ಎರಡನೆಯವರಿಗೆ ಕಂಟ್ರೋಲರ್ ಸಿಕ್ಕಿಸುವ ಜಾಗವೂ ಇತ್ತು. ಅದನ್ನು ಸ್ವಿಚ್‌ನ ಹಿರಿಯ ಎಂದರೆ ಒಪ್ಪುತ್ತೇನೆ.

ಪ್ರಶ್ನೆ ಕೇಳಿದವರು:
ಅಡಾಪ್ಟರ್ ಮೇಲೆ 100–240 ಎಂದೇ ಇತ್ತು. ನೀವು ಹೇಳಿದ ಕ್ರಮದಲ್ಲೇ ಜೋಡಿಸಿದೆ. ಸ್ವಿಚ್ ಪರದೆ ಆರಿತು, ಹಸಿರು ದೀಪ ಹೊತ್ತಿತು, ಟಿವಿಯಲ್ಲಿ ಚಿತ್ರ ಬಂತು! ಮಗಳು ಒಂದು ಕಂಟ್ರೋಲರ್ ನನ್ನ ಕೈಗಿತ್ತಿದ್ದಾಳೆ. ಕನ್ವರ್ಟರ್ ಸ್ವಲ್ಪ ಸಡಿಲ, ಪರವಾಗಿಲ್ಲವೇ?

ಉತ್ತರ 1:
ಬಹಳ ಸಂತೋಷ ಸರ್. ಆ ಸಡಿಲ ಕನ್ವರ್ಟರ್ ಮಾತ್ರ ಬೇಡ, ಕಿಡಿ ಹಾರಿ ಬಿಸಿಯಾಗುತ್ತದೆ. ಪಿನ್ ಬಿಗಿಯಾಗಿ ಹಿಡಿಯುವಂಥದ್ದನ್ನು ಇವತ್ತೇ ತಂದು ಹಾಕಿ.